ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ

ಒಂಬತ್ತು ಪಂದ್ಯ. ಇಪ್ಪತ್ತಮೂರು ವಿಕೆಟ್.
ಬ್ಯಾಟು ಹಿಡಿದು ಒಟ್ಟು ನಲವತ್ತೊಂದು ರನ್ನು,
ಅದರಲ್ಲಿ ಅರ್ಧ, ಸ್ಲಿಪ್ಪಿನವರ ನಡುವೆ ಹೇಗೋ ನುಸುಳಿದ್ದು.
ಇಷ್ಟೇ, ಹರಿಲಾಲ್ ಎಟ್ವಾರೂ.
ಪುಸ್ತಕದಲ್ಲಿ ಒಂದು ಸಾಲು.
ನನ್ನದೇ ಕೈಬರಹ.

ಎಟ್ವಾರೂ ಅಂದರೆ ಆದಿತ್ಯವಾರ.
ಹಡಗಿಳಿದ ಮುತ್ತಜ್ಜನನ್ನು ಬಂದರಿನ ಗುಮಾಸ್ತ
ಏನೋ ಕೇಳಿದ, ಈತ ಏನೋ ಹೇಳಿದ,
ಅಂದಿನಿಂದ ವಾರವೇ ಮನೆತನದ ಹೆಸರು.
ಆಗೆಲ್ಲ ಪಂದ್ಯದ ನಡುವಿನ ಆದಿತ್ಯವಾರ ಆಟವಿಲ್ಲ.
"ನನ್ನ ಹೆಸರಿಗೇ ರಜೆ ಕೊಟ್ಟಿದ್ದಾರೆ ನೋಡಿ, ಮಿಸ್ ಯೂನಿಸ್"
ಅನ್ನುತ್ತಿದ್ದ, ಮಾವಿನಕಾಯಿ ಹೋಳಿಗೆ ಉಪ್ಪುಖಾರ ಸವರುತ್ತ.

ಬರ್ಬೀಸಿನ ಹುಡುಗ. ಹದಿನಾಲ್ಕಕ್ಕೇ ಕಬ್ಬಿನ ಗದ್ದೆಗಿಳಿದವನು.
ಎಡಗೈ ತೋರುಬೆರಳ ಮೇಲೆ ಕತ್ತಿಯ ಹಳೇ ಗಾಯ;
ಆ ಉಬ್ಬಿಗೇ ಚೆಂಡಿನ ಹೊಲಿಗೆ ಕಚ್ಚಿಕೊಳ್ಳುತ್ತಿತ್ತು.
ಓಟ ಆರೇ ಹೆಜ್ಜೆ. ಕೊನೆಯದು ಸ್ವಲ್ಪ ಉದ್ದ,
ಕಾಲುವೆ ದಾಟುವವನ ಹಾಗೆ.
ಆಮೇಲೆ ಚೆಂಡು ಗಾಳಿಯಲ್ಲೇ ನಿಂತು
ವಿಳಾಸ ಮರೆತ ಹಾಗೆ ಮಾಡಿ
(ನಾನು ಅಂಚೆ ಕಚೇರಿಯವಳು, ನನಗೆ ಹಾಗೇ ತೋರುತ್ತದೆ)
ಹೊರಳಿ, ಸರಿಯಾದ ಮನೆಯ ಬಾಗಿಲನ್ನೇ ಬಡಿಯುತ್ತಿತ್ತು.

ರನ್ನಿಲ್ಲದ ಎಸೆತಕ್ಕೆ ಒಂದು ಚುಕ್ಕೆ.
ಆರು ಚುಕ್ಕೆಯಾದರೆ ಗೆರೆಯೆಳೆದು ಕೂಡಿಸಬೇಕು.
ಅವನು ಬೌಲ್ ಮಾಡಿದ ದಿನಗಳ ಹಾಳೆ ನೋಡಿ,
ಯಾರೋ ಸ್ವೆಟರ್ ಹೆಣೆಯಲು ಕೂತಂತಿದೆ.

ಬೋರ್ಡಾ ಮೈದಾನ, ಒಂದು ಜನವರಿ, ಕೊನೆಯ ದಿನ.
ಎದುರಿನವರ ಏಳು ಮಂದಿ ಒಳಗೆ, ಐವರು ಅವನ ಲೆಕ್ಕಕ್ಕೆ.
ಜಾರ್ಜ್‌ಟೌನ್ ಅಂದರೆ ಸಮುದ್ರಕ್ಕಿಂತ ತಗ್ಗಿನ ಊರು:
ಉಬ್ಬರಕ್ಕೆ ತೂಬಿನ ಬಾಗಿಲು ಮುಚ್ಚಬೇಕು,
ಅದೇ ಹೊತ್ತಿಗೆ ಮಳೆ ಬಂದರೆ
ನೀರು ಎಲ್ಲಿಗೆ ಹೋಗಬೇಕು, ಪಾಪ.
ಮೊದಲು ಚರಂಡಿ ಏರಿತು. ಆಮೇಲೆ ಬೌಂಡರಿ ಮುಳುಗಿತು.
ಅಂಪೈರುಗಳು ಪ್ಯಾಂಟು ಮಡಚಿ ಬಂದು
ಪಿಚ್ಚನ್ನು ಶವ ನೋಡುವವರಂತೆ ನೋಡಿ ಹೋದರು.
ಎಲ್ಲರೂ ಸೂರಿನಡಿ. ಇವನೊಬ್ಬ ಪಾಯಿಂಟಿನಲ್ಲಿ,
ಬರಿಗಾಲು, ಕೈಯಲ್ಲಿ ಟೋಪಿ, ಬಗ್ಗಿದ್ದಾನೆ.
ಎತ್ತಿದ! ಗೇಣುದ್ದದ ಹಸ್ಸಾರ್ ಮೀನು,
ಟೋಪಿಯೊಳಗೆ ಪಟಪಟ.
ಉಳಿದಿದ್ದ ಹತ್ತಿಪ್ಪತ್ತು ಜನ ಎದ್ದು ನಿಂತು ಚಪ್ಪಾಳೆ.
ನಿಯಮದ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇಲ್ಲ.
ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ ಬರೆದೆ:
ಹಸ್ಸಾರ್, ಕ್ಯಾಚ್ ಎಟ್ವಾರೂ.

ಮರುವರ್ಷ ರೇಡಿಯೋದಲ್ಲಿ ಹದಿಮೂರು ಹೆಸರು ಓದಿದರು.
ಆದಿತ್ಯವಾರ ಬರಲಿಲ್ಲ.
ಯಾರನ್ನು ದೂರುವುದು? ಸ್ಪಿನ್ನರುಗಳಿಗೇನು ಬರವಿತ್ತೆ ಗಯಾನಾದಲ್ಲಿ,
ಒಂದು ಮರ ಅಲ್ಲಾಡಿಸಿದರೆ ಮೂವರು ಉದುರುತ್ತಿದ್ದರು.

ಈಗ ನಿವೃತ್ತಿಯ ಕನ್ನಡಕದಲ್ಲಿ
ಹಳೇ ಪುಸ್ತಕ ತಿರುವುತ್ತಿದ್ದಾಗ ಸಿಕ್ಕಿತು:
ಟ್ರಿನಿಡಾಡಿನ ಎರಡನೇ ಇನ್ನಿಂಗ್ಸ್, ಮಬ್ಬು ಸಂಜೆ,
ಒಂದು ಸ್ಟಂಪಿಂಗ್.
ಅವನ ಓವರು. ನಾನು ಆಚೆ ತುದಿಯವನ ಹೆಸರಿಗೆ ಬರೆದಿದ್ದೇನೆ.
ಅವರ ಸ್ಕೋರರ್ ನನ್ನದನ್ನೇ ನೋಡಿ ತಿದ್ದಿಕೊಂಡಿದ್ದ;
ಎರಡು ಪುಸ್ತಕ ತಾಳೆಯಾದವು, ಸುಳ್ಳು ಗಟ್ಟಿಯಾಯಿತು.
ಇಪ್ಪತ್ತನಾಲ್ಕು.
ಆ ಒಂದು ಇದ್ದಿದ್ದರೆ ಹದಿಮೂರರಲ್ಲಿ ಬರುತ್ತಿತ್ತೇ ಹೆಸರು?
ಮೂರು ರಾತ್ರಿ ಫ್ಯಾನಿನ ರೆಕ್ಕೆ ಎಣಿಸಿದೆ.

ಮಿನಿಬಸ್ಸು ಹತ್ತಿ ಹೋದೆ.
ಸಮುದ್ರದಂಡೆಯ ತೂಬಿನ ಮೇಲೆ, ತಗಡಿನ ಗೂಡಿನಲ್ಲಿ,
ಮೂವತ್ತು ವರ್ಷದಿಂದ ಬಾಗಿಲು ಎತ್ತಿ ಇಳಿಸುವವನು.
ನೀರಿನ ಮೇಲೆ ಸೇಡೇನೂ ಅಲ್ಲವಂತೆ;
ಕೆಲಸ ಖಾಲಿ ಇತ್ತು.
ಪುಸ್ತಕ ಬಿಚ್ಚಿ ತೋರಿಸಿದೆ, ಬೆರಳಿಟ್ಟು.
ನನ್ನ ಬೆರಳು ಬಿಟ್ಟು ಅಂಚು ಹುಡುಕಿದ,
ಹಾಳೆ ಹಿಂದೆ ಮಗುಚಿ, ಮುಂದೆ ಮಗುಚಿ.
"ಮೀನು ಬರೆದಿದ್ರಲ್ಲ, ಎಲ್ಲಿ?"
ತೋರಿಸಿದೆ. ಪೆನ್ಸಿಲ್ ಮಾಸಿತ್ತು, ಓದಬಹುದಿತ್ತು.
ತುಟಿಯಾಡಿಸಿ ಓದಿಕೊಂಡ.
"ಅವತ್ತು ಅಮ್ಮ ಅದನ್ನ ಸಾರು ಮಾಡಿದ್ಲು" ಅಂದ.

ಇಳಿತ ಶುರುವಾಗಿತ್ತು. ಎದ್ದು ಚಕ್ರಕ್ಕೆ ಕೈ ಹಾಕಿದ,
ಎಡಗೈ ಮೇಲೆ.
ಸರಪಳಿ ಕಿರುಗುಟ್ಟಿ ಆರು ಸುತ್ತು ಸುತ್ತಿ
ನಿಂತಿತು. ನಾನು ಎಣಿಸಿದೆ.
ಅಭ್ಯಾಸ.